ಮುಯ್ಯಾಳಿನ ವಾರ್ಡು

ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸೊಬ್ಬಳು ದ್ರಾಕ್ಷಿ ಬುಟ್ಟಿ ಹೊತ್ತುಕೊಂಡು ಬಸ್ಸು ಹತ್ತಿದಳು. ಎಲ್ಲೂ ಜಾಗ ಸಿಗದೆ ಬುಟ್ಟಿಯನ್ನು ನನ್ನ ಕಾಲ ಬುಡದಲ್ಲೇ ಇಟ್ಟು ಪಕ್ಕಕ್ಕೆ ನಿಂತಳು. ಬೆಳಗಿನಿಂದ ಬಿಸಿಲು ಕಂಡ ಹಣ್ಣು. ಕೆಳಗಿನವು ಒಡೆದು ರಸ ಬಿಟ್ಟಿದ್ದವು. ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ.

“ಬುಟ್ಟಿ ಸ್ವಲ್ಪ ಹಿಂದಕ್ಕ ಸರಸಬೇ,” ಅಂದೆ.

“ಯಾಕ್ರಿ ಅಕ್ಕಾರ, ಹಣ್ಣದಾವ, ಹೊಲಸೇನಲ್ಲ. ತಗೋರಿ, ಎರಡು ಬಾಯಾಗ ಹಾಕ್ಕೋರಿ,” ಎಂದು ಆಕೆ ಒಂದು ಗೊಂಚಲನ್ನೇ ಮುಂದೆ ಚಾಚಿದಳು.

ಆಕೆಯ ತಪ್ಪೇನೂ ಇರಲಿಲ್ಲ. ನಾನೇ ಎದ್ದು ಬಾಗಿಲ ಹತ್ತಿರ ಹೋಗಿ ಕಂಬಿ ಹಿಡಿದು ನಿಂತೆ. ನನ್ನ ಸೀಟಿನಲ್ಲಿ ಆಕೆ ಕೂತಳು, ಕೂತು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದಳು. ನೋಡಲಿ. ದ್ರಾಕ್ಷಿಯ ವಾಸನೆಗೆ ಓಡಿಹೋಗುವ ಹೆಂಗಸರು ಈ ಸೀಮೆಯಲ್ಲಿ ಇಬ್ಬರಿದ್ದೇವೆ. ಒಬ್ಬಳು ನಾನು, ಇನ್ನೊಬ್ಬಳು ಜವಳಗೇರಾದಲ್ಲಿರುವ ನನ್ನ ಅಕ್ಕ ಗೌರಮ್ಮ. ಅವತ್ತು ನಾನು ಹೊರಟದ್ದೂ ಅಲ್ಲಿಗೇ, ಅಕ್ಕನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ.

ಲಿಂಗಸೂಗೂರಿನಿಂದ ಮಸ್ಕಿ, ಮಸ್ಕಿಯಿಂದ ಸಿಂಧನೂರು. ಈ ರಸ್ತೆಯಲ್ಲಿ ನಾನು ಒಂದಿಡೀ ಮಳೆಗಾಲ ಅಡ್ಡಾಡಿದ್ದೇನೆ. ನಾನು ಲಿಂಗಸೂಗೂರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮೊದಮೊದಲು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹಿಡಿಯುತ್ತಿದ್ದೆ. ಆಮೇಲೆ ಸಿಕ್ಕ ರಜೆಯನ್ನೆಲ್ಲ ಹಾಕಿ ಅಲ್ಲೇ ಉಳಿದೆ. ಮಸ್ಕಿ ದಾಟಿ ಸ್ವಲ್ಪ ದೂರ ಹೋದರೆ ಒಣ ಹೊಲ ಮುಗಿದು ಕಾಲುವೆಯ ನೀರಿನ ನೆಲ ಶುರುವಾಗುತ್ತದೆ. ಕಣ್ಣು ಹಾಯಿಸಿದಲ್ಲೆಲ್ಲ ಹಸಿರು. ಬಸ್ಸಿನಲ್ಲಿ ಹೊಸಬರು ಯಾರಾದರೂ ಇದ್ದರೆ ಆಹಾ ಅನ್ನುತ್ತಾರೆ. ನನಗೆ ಆ ಹಸಿರು ಕಂಡರೆ ಈಗಲೂ ಎದೆ ಧಸಕ್ಕೆನ್ನುತ್ತದೆ, ಯಾಕೆಂದರೆ ಆ ಹಸಿರಿನ ಕೊನೆಗೆ ಸಿಂಧನೂರಿನ ಆ ದವಾಖಾನೆ ಇದೆ.

ಆ ವರ್ಷ ಕಾಲುವೆಗೆ ನೀರು ತಡವಾಗಿ ಬಿಟ್ಟರು. ನೀರು ತಡವಾದರೆ ಎಲ್ಲರಿಗೂ ಒಂದೇ ಸಲ ಅವಸರ. ಎಲ್ಲರ ಗದ್ದೆಯೂ ಆಗಲೇ ಕೆಸರಾಗಬೇಕು, ಎಲ್ಲರ ಸಸಿಯೂ ಆಗಲೇ ಹಚ್ಚಬೇಕು. ಅಕ್ಕನ ಗಂಡ ಅಮರೇಶಪ್ಪ ಮಾವನಿಗೆ ಸ್ವಂತ ಟ್ರ್ಯಾಕ್ಟರ್ ಇತ್ತು. ಗಾಲಿ ತೆಗೆದು, ಕೆಸರಿಗೆಂದೇ ಮಾಡಿಸಿದ ಕಬ್ಬಿಣದ ಗಾಲಿ ಹಾಕಿ, ತನ್ನ ಗದ್ದೆ ಮುಗಿಸಿ ಊರವರ ಗದ್ದೆಗಿಳಿಯುತ್ತಿದ್ದ. ಆ ದಿನಗಳಲ್ಲಿ ಅವನಿಗೆ ಉಣ್ಣಲೂ ಪುರಸೊತ್ತಿರುತ್ತಿರಲಿಲ್ಲ. ಜ್ವರ ಬಂದರೆ ಮಲಗುವ ಜಾತಿಯ ಮನುಷ್ಯನೂ ಅಲ್ಲ. ಊರಲ್ಲಿ ಸೂಜಿ ಹಾಕುವವನೊಬ್ಬನಿದ್ದ. ಅವನ ಹತ್ತಿರ ಹೋಗಿ, “ಪವರಿಂದು ಹಾಕಪಾ, ಮಧ್ಯಾಹ್ನಕ್ಕ ಗದ್ದ್ಯಾಗ ಇರಬೇಕು” ಎಂದು ಚುಚ್ಚಿಸಿಕೊಂಡು, ಕೊಟ್ಟ ಮಾತ್ರೆಗಳಲ್ಲಿ ಎರಡು ನುಂಗಿ, ಉಳಿದದ್ದನ್ನು ಟ್ರ್ಯಾಕ್ಟರಿನ ಸಲಕರಣೆ ಇಡುವ ಪಾನಾ ಡಬ್ಬಿಯಲ್ಲಿ ಎಸೆಯುತ್ತಿದ್ದ. ಮುಂದಿನ ಸಲ ಜ್ವರ ಬಂದರೆ ಅವೇ ಮಾತ್ರೆ. ಊರಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ.

ಒಂದು ಸಂಜೆ, ಮಳೆ ಜಿನುಗುತ್ತಿದ್ದಾಗ, ಬದುವಿನ ಮೇಲೆ ಟ್ರ್ಯಾಕ್ಟರ್ ವಾಲಿತು. ಮಾವ ಜಿಗಿದ, ಜಾರಿದ, ಕಬ್ಬಿಣದ ಗಾಲಿಯ ಹಲ್ಲಿಗೆ ಎಡಗಾಲು ಸಿಕ್ಕಿತು. ಮೊಣಕಾಲ ಕೆಳಗೆ ಎಲುಬು ಮುರಿದು ಚರ್ಮ ಸೀಳಿ ಹೊರಗೆ ಬಂತು. ಗದ್ದೆಯ ಕೆಸರು ಮೆತ್ತಿಕೊಂಡಿದ್ದಂತೆಯೇ ಅವನನ್ನು ಸಿಂಧನೂರಿಗೆ ತಂದರು. ತೊಳೆದರು, ಕೊಯ್ದರು, ಒಳಗೆ ರಾಡ್ ಹಾಕಿದರು. ದವಾಖಾನೆಯ ದೊಡ್ಡ ಡಾಕ್ಟರು ಹೊರಗೆ ಬಂದು, “ಚಿಂತಿ ಮಾಡಬ್ಯಾಡ್ರಿ, ಕೊಯ್ಲಿಗೆ ಅವರು ಗದ್ದ್ಯಾಗ ನಡೀತಾರ” ಅಂದರು. ಅಕ್ಕ ಆ ಮಾತನ್ನು ಗಂಟು ಕಟ್ಟಿ ಇಟ್ಟುಕೊಂಡಳು. ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. ಕೊಯ್ಲಿಗೆ ನಡೀತಾರಂತ.

ವಾರ್ಡು ಅಂದರೆ ಉದ್ದನೆಯ ಒಂದು ಹಜಾರ. ಗೋಡೆಯಾಚೆ ಅಕ್ಕಿ ಮಿಲ್ಲು. ದಿನವೆಲ್ಲ ಅದರ ಗುಂಯ್ ಸದ್ದು, ಕಿಟಕಿಯ ಕಟ್ಟೆಯ ಮೇಲೆ ಹೊಟ್ಟಿನ ದೂಳು. ಮೂಲೆಯಲ್ಲಿ ಕೈ ತೊಳೆಯುವ ನಳ, ಅದಕ್ಕೆ ಬೆಳಿಗ್ಗೆ ಸ್ವಲ್ಪ ಹೊತ್ತು ನೀರು. ಸಾಬೂನಿನ ಬಾಟಲಿ ಬರಿದು. ಪ್ರತಿ ಮಂಚದ ಕಾಲಿಗೆ ಕೈಗೆ ಹಚ್ಚಿಕೊಳ್ಳುವ ಔಷಧದ ಸಣ್ಣ ಬಾಟಲಿ ಕಟ್ಟಿದ್ದರು. ಯಾರೋ ತಪಾಸಣೆಗೆ ಬರುತ್ತಾರೆಂದಾಗ ಅವು ತುಂಬುತ್ತಿದ್ದವು, ಅವರು ಹೋದ ಮೇಲೆ ಬರಿದಾಗಿಯೇ ತೂಗುತ್ತಿದ್ದವು. ಗಾಯ ತೊಳೆದು ಪಟ್ಟಿ ಕಟ್ಟುವ ತಳ್ಳುಗಾಡಿ ಬಾಗಿಲ ಹತ್ತಿರದ ಮಂಚದಿಂದ ಶುರುವಾಗಿ ಕಿಟಕಿಯ ಹತ್ತಿರದ ಮಂಚದವರೆಗೆ ಬರುತ್ತಿತ್ತು. ಕಟ್ಟುವವನ ಕೈಗವಸು ಒಮ್ಮೊಮ್ಮೆ ಬದಲಾಗುತ್ತಿತ್ತು, ಒಮ್ಮೊಮ್ಮೆ ಇಲ್ಲ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ಮುಂದೆ ಆದದ್ದಕ್ಕೆ ಎಲ್ಲರ ಕಣ್ಣೂ ಒಬ್ಬಳ ಮೇಲೆ ಬಿತ್ತು, ಅದು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಮಾವನ ಪಕ್ಕದ ಮಂಚದಲ್ಲಿ ಪಾಮನಕಲ್ಲೂರಿನ ಹನುಮಂತಪ್ಪ ಎಂಬ ಮುದುಕ ಇದ್ದ. ಕುರಿ ಕಾಯುವವನು. ರಸ್ತೆ ದಾಟಿಸುವಾಗ ಗಾಡಿ ಬಡಿದು ಸೊಂಟ ಮುರಿದಿತ್ತು. ನಾವು ಬರುವುದಕ್ಕೆ ಎಷ್ಟೋ ಮೊದಲಿನಿಂದ ಮಲಗಿದ್ದ. ಮಲಗಿ ಮಲಗಿ ಬೆನ್ನು ಹುಣ್ಣಾಗಿ ಕೀವು ಸೋರುತ್ತಿತ್ತು. ಅವನ ಹೆಂಡತಿ ಯಂಕಮ್ಮ ಒಣಗಿದ ಕಡ್ಡಿಯಂಥ ಹೆಂಗಸು. ಗಂಡನನ್ನು ಮಗ್ಗುಲಾಗಿಸಲು ಅವಳಿಂದ ಆಗುತ್ತಿರಲಿಲ್ಲ. ಕೈ ಹಾಕಿ ಎಳೆದು ಎಳೆದು, ಸೋತು, ಮಂಚದ ಪಟ್ಟಿಗೆ ಹಣೆ ಇಟ್ಟು ಕೂತುಬಿಡುತ್ತಿದ್ದಳು.

ಅಕ್ಕ ಇದನ್ನು ನೋಡಿಕೊಂಡು ಸುಮ್ಮನಿರುವವಳಲ್ಲ.

“ಯಂಕಮ್ಮ, ಸರಿ ಆಕಡೆ. ತೊಡಿ ಹಿಡಿ, ನಾ ಹೆಗಲು ಹಿಡೀತೀನಿ,” ಎಂದು ಎದ್ದಳು.

“ಬ್ಯಾಡ್ರಿ ಯವ್ವಾ, ಹೊಲಸೈತಿ. ನೀವು ಲಿಂಗ ಕಟ್ಟಿದವರು.”

“ಹೊಲಸು ಯಾರಿಗಿಲ್ಲ? ಇವತ್ತು ನಿಮ್ಮವರನ್ನ ನಾ ಹೊಳ್ಳಸ್ತೀನಿ, ನಾಳೆ ನಾ ಇಲ್ಲದಾಗ ನಮ್ಮವರಿಗೆ ನೀ ಗಂಜಿ ಕುಡಸು. ಮುಯ್ಯಾಳು ಅಂತ ತಿಳಕೋ.”

ನಮ್ಮ ಕಡೆ ಸಸಿ ಹಚ್ಚುವ ಕಾಲದಲ್ಲಿ ಹೆಂಗಸರು ಮುಯ್ಯಾಳು ಮಾಡುತ್ತಾರೆ. ಇವತ್ತು ಎಲ್ಲರೂ ಸೇರಿ ನನ್ನ ಗದ್ದೆ ಹಚ್ಚಿ, ನಾಳೆ ನಿನ್ನ ಗದ್ದೆ. ಕೂಲಿ ಇಲ್ಲ, ಕೈಗೆ ಕೈ ಬದಲು. ಆ ವರ್ಷ ಜವಳಗೇರಾದ ಗದ್ದೆಯಲ್ಲಿ ಅಕ್ಕನ ಕೈ ಇರಲಿಲ್ಲ. ಆ ಕೈಗಳು ಸುಮ್ಮನಿರಲಾರದೆ ವಾರ್ಡಿನಲ್ಲಿ ಮುಯ್ಯಾಳು ಶುರುಮಾಡಿದವು. ಹನುಮಂತಪ್ಪನಿಂದ ಶುರುವಾದದ್ದು ಇಡೀ ವಾರ್ಡಿಗೆ ಹಬ್ಬಿತು. ಒಬ್ಬರ ಗಂಡನಿಗೆ ಇನ್ನೊಬ್ಬರು ಉಣಿಸಿದರು, ಒಬ್ಬರ ಅತ್ತೆಯ ಬಟ್ಟೆಯನ್ನು ಇನ್ನೊಬ್ಬರು ಒಗೆದರು. ಪಟ್ಟಿ ಬಿಚ್ಚುವಾಗ ನೋವಿನಿಂದ ಒದ್ದಾಡುವವರ ಕಾಲನ್ನು ಹಿಡಿಯಲು ಎಲ್ಲರೂ ಅಕ್ಕನನ್ನೇ ಕರೆಯುತ್ತಿದ್ದರು. ನರ್ಸ್ ರೇಣುಕಾ ಕೂಡ, “ಗೌರಮ್ಮಾರ, ಒಂದೀಟು ಬರ್ರಿ” ಎಂದು ಕೂಗುತ್ತಿದ್ದಳು. ಅವಳೊಬ್ಬಳೇ ಅಷ್ಟೂ ಮಂಚ ನೋಡಬೇಕು, ಪಾಪ, ಅವಳಾದರೂ ಏನು ಮಾಡಿಯಾಳು. ಅಕ್ಕ ಹೋಗುತ್ತಿದ್ದಳು, ಹಿಡಿಯುತ್ತಿದ್ದಳು, ಸೆರಗಿಗೆ ಕೈ ಒರೆಸಿಕೊಂಡು ಬಂದು ಮಾವನ ಹೊದಿಕೆ ಸರಿಮಾಡುತ್ತಿದ್ದಳು.

“ನಿಮ್ಮಕ್ಕ ಇಲ್ಲೇ ಒಂದು ಮಠ ಕಟ್ಟತಾಳ ನೋಡು, ಲೀಲಾ,” ಎಂದು ಮಾವ ನಗುತ್ತಿದ್ದ. ಅವನಿಗೂ ಆ ದಿನಗಳು ಕೆಟ್ಟವೆನಿಸಿರಲಿಲ್ಲ. ಊರಿನಿಂದ ಮಾತಾಡಿಸಲು ಜನ ಟ್ರ್ಯಾಕ್ಟರಿನಲ್ಲೇ ಬರುತ್ತಿದ್ದರು. ಗದ್ದೆಯ ಕೆಸರಿನ ಕಾಲಲ್ಲೇ ಒಳಗೆ ಬಂದು, ಅವನ ಮಂಚದ ಮೇಲೇ ಕೂತು, ಕಾಲು ಮುಟ್ಟಿ ನೋಡಿ, ಯಾವ ಗದ್ದೆ ಹಚ್ಚಿ ಮುಗಿಯಿತು, ಯಾವುದು ಉಳಿಯಿತು ಎಂದು ಸುದ್ದಿ ಹೇಳಿ ಹೋಗುತ್ತಿದ್ದರು. ಬಾರದಿದ್ದರೆ ಅದು ಜನ್ಮಕ್ಕೆ ಉಳಿಯುವ ಸಿಟ್ಟು. ಅಕ್ಕನ ಮಗಳು ನಾಗವೇಣಿಗೆ ಆಗಿನ್ನೂ ಮದುವೆ ಗೊತ್ತಾಗಿತ್ತಷ್ಟೆ. ಅವಳು ಊರಲ್ಲಿ ದನ, ಮನೆ ನೋಡಿಕೊಂಡು ರೊಟ್ಟಿ ಕಳಿಸುತ್ತಿದ್ದಳು. ಆ ರೊಟ್ಟಿಯಲ್ಲಿ ಅರ್ಧ ಯಂಕಮ್ಮನ ಪಾಲಿಗೆ ಹೋಗುತ್ತಿತ್ತು.

ಸಸಿ ಹಚ್ಚಿ ಮುಗಿದು, ಗದ್ದೆ ಬೇರು ಹಿಡಿದು ಹಸಿರಾಗುವ ಹೊತ್ತಿಗೆ ಮಾವನಿಗೆ ಜ್ವರ ಬಂತು. ಹೊಲಿಗೆಯ ಸಂದಿಯಿಂದ ನೀರಿನಂಥದ್ದು ಸೋರತೊಡಗಿತು. ಪಟ್ಟಿಯ ಮೇಲೆ ತಿಳಿ ಹಸಿರು ಕಲೆ. ಶನಿವಾರ ನಾನು ಬಂದವಳೇ ಮೂಗು ಅರಳಿಸಿ, “ದ್ರಾಕ್ಷಿ ಯಾರು ತಂದಾರ ಅಕ್ಕ, ಈ ಕಾಲಕ್ಕ?” ಅಂದೆ. ಯಾರೂ ತಂದಿರಲಿಲ್ಲ. ಅಕ್ಕ ಮಾವನ ಕಾಲ ಕಡೆ ನೋಡಿದಳು. ಆ ಸಿಹಿ ಗಾಯದಿಂದ ಬರುತ್ತಿತ್ತು. ಹಾಗೆ ನೋಡಿದರೆ ಹನುಮಂತಪ್ಪನ ಮಂಚದ ಕಡೆಯಿಂದಲೂ ಅದೇ ವಾಸನೆ ಮೊದಲಿನಿಂದ ಇತ್ತು. ಮುದುಕನ ಹುಣ್ಣಿನ ನಾತದ ನಡುವೆ ನಾವು ಅದನ್ನು ಗುರುತಿಸಿರಲಿಲ್ಲ.

ಔಷಧ ಬದಲಿಸಿದರು. ಜ್ವರ ಇಳಿಯಲಿಲ್ಲ. ಇನ್ನೂ ಜೋರಿನದು ಹಾಕಿದರು. ಒಂದು ದಿನ ಇಳಿದಂತೆ ಮಾಡಿ ಮತ್ತೆ ಏರಿತು. ಕೀವನ್ನು ರಾಯಚೂರಿಗೆ ಪರೀಕ್ಷೆಗೆ ಕಳಿಸಿದರು. ಅದರ ವರದಿ ಬಂದ ದಿನ ದೊಡ್ಡ ಡಾಕ್ಟರು ನನ್ನನ್ನು ಕರೆದು ಕೂರಿಸಿದರು. ನಾನು ಓದಿದವಳು, ತಿಳಿದುಕೊಂಡೇನು ಅಂತ.

“ಟೀಚರ್, ಇದು ದವಾಖಾನಿಯೊಳಗ ಹುಟ್ಟಿ ಬೆಳದ ಹುಳ. ಗದ್ದ್ಯಾಗಿಂದಲ್ಲ. ನಾವು ಹಾಕೋ ಔಷಧ ಎಲ್ಲಾ ನೋಡಿ ನೋಡಿ ಗಟ್ಟಿ ಆಗೈತಿ. ಯಾವುದಕ್ಕೂ ಬಗ್ಗವಲ್ದು. ಒಂದ ಒಂದು ಉಳದೈತಿ. ಹಳೇ ಔಷಧ. ಕಿಡ್ನಿಗೆ ತ್ರಾಸು ಕೊಡತೈತಿ ಅಂತ ಹಿಂದ ಬಿಟ್ಟಿದ್ವಿ. ಈಗ ಅದನ್ನ ಹಾಕಬೇಕು.”

“ಹೈದರಾಬಾದಿಗೆ ಒಯ್ತೀವಿ, ಸರ್.”

“ಒಯ್ರಿ, ನಾ ಬ್ಯಾಡ ಅನ್ನಂಗಿಲ್ಲ. ಫೋನ್ ಮಾಡಿ ಕೇಳೀನಿ. ಅಲ್ಲೂ ಇದ ಔಷಧ ಹಾಕತಾರ. ದಾರ್ಯಾಗ ಏನರ ಆದ್ರ ನನ್ನ ಕೇಳಬ್ಯಾಡ್ರಿ.”

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ವರ್ಷವಿಡೀ ಬಾಯಿ ನೋಯಿಸಿಕೊಂಡರೂ ಮಗ್ಗಿ ಬಾರದ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಕಣ್ಣಿಗೆ ಕಾಣದ ಈ ಹುಳ ಯಾರೂ ಕಲಿಸದೆ ಇಷ್ಟೊಂದು ಔಷಧವನ್ನು ಕಲಿತುಬಿಟ್ಟಿತ್ತು. ಕಲಿಸಿದವರು ನಾವೇ ಅಲ್ಲವೆ ಅಂತಲೂ ಅನಿಸಿತು. ಊರೂರಲ್ಲಿ ಪವರಿನ ಸೂಜಿ, ಅರ್ಧ ನುಂಗಿ ಎಸೆದ ಮಾತ್ರೆ, ನೆಗಡಿಗೂ ಕೆಮ್ಮಿಗೂ ದೊಡ್ಡ ಔಷಧ ಬರೆಯುವ ಡಾಕ್ಟರುಗಳು. ಯಾರನ್ನೆಂದು ಬಯ್ಯುವುದು? ಬಯ್ಯಲು ಒಬ್ಬ ಮನುಷ್ಯ ಸಿಕ್ಕಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅದೇ ವಾರ ಹನುಮಂತಪ್ಪ ತೀರಿಕೊಂಡ. ಯಂಕಮ್ಮ ಅಕ್ಕನನ್ನು ತಬ್ಬಿಕೊಂಡು ಅತ್ತು, “ಹೊಟ್ಟ್ಯಾಗ ಹುಟ್ಟಿದವರು ಮಾಡದ್ದು ನೀ ಮಾಡಿದಿ, ಯವ್ವಾ” ಎಂದು ಅವಳ ಎರಡೂ ಕೈಗಳನ್ನು ಕಣ್ಣಿಗೆ ಒತ್ತಿಕೊಂಡು ಊರಿಗೆ ಹೋದಳು.

ಆ ಮಂಚ ತೊಳೆದು ಒಣಗುವ ಮೊದಲೇ ಇದಾಯಿತು. ಆ ದವಾಖಾನೆಗೆ ಹೊಸದಾಗಿ ಬಂದ ಚಿಕ್ಕ ಡಾಕ್ಟರೊಬ್ಬ ಇದ್ದ. ಮೈಸೂರು ಕಡೆಯ ಹುಡುಗ, ಒಳ್ಳೆಯವನು, ಕೆಲಸದಲ್ಲಿ ಶ್ರದ್ಧೆ ಇದ್ದವನು. ಬರಿದಾದ ಬಾಟಲಿಗಳನ್ನು ಕಂಡು ಕಿರುಚಾಡಿ ತುಂಬಿಸಿದವನೂ ಅವನೇ. ಅವತ್ತು ವಾರ್ಡಿನ ಹೆಂಗಸರನ್ನೆಲ್ಲ ಒಟ್ಟಿಗೆ ನಿಲ್ಲಿಸಿ ತಿಳಿಹೇಳಿದ.

“ನೋಡಿ ಅಮ್ಮ, ಈ ರೋಗ ಗಾಳಿಯಲ್ಲಿ ಹಾರಿ ಬರೋದು ಕಡಿಮೆ. ಕೈಯಿಂದ ಬರುತ್ತೆ. ಒಬ್ಬರ ಗಾಯ ಮುಟ್ಟಿದ ಕೈ ತೊಳೀದೆ ಇನ್ನೊಬ್ಬರನ್ನ ಮುಟ್ಟಿದರೆ, ಆ ಕೈ ಮೇಲೆ ಕೂತು ಬರುತ್ತೆ. ನಿಮ್ಮವರನ್ನ ಮಾತ್ರ ನೀವು ನೋಡ್ಕೊಳ್ಳಿ. ಬೇರೆ ಮಂಚಕ್ಕೆ ಹೋಗಬೇಡಿ.”

ಹೇಳಿದ್ದು ನಿಜ. ಆದರೆ ಅದನ್ನು ಪಟ್ಟಿ ಕಟ್ಟುವವನೂ ಕೇಳಿಸಿಕೊಂಡ, ರೇಣುಕಾಳೂ ಕೇಳಿಸಿಕೊಂಡಳು, ಕೇಳಿಸಿಕೊಂಡು ತಮ್ಮ ತಮ್ಮ ಕೆಲಸಕ್ಕೆ ಹೋದರು. ಉಳಿದ ಹೆಂಗಸರು ಮೆಲ್ಲಗೆ ತಿರುಗಿ ಅಕ್ಕನನ್ನು ನೋಡಿದರು. ನಿನ್ನೆಯವರೆಗೆ ಅವಳ ಕೈಯಿಂದಲೇ ಮುಯ್ಯಾಳು ಮಾಡಿಸಿಕೊಂಡವರು. ಒಬ್ಬಳಂತೂ ತನ್ನ ಗಂಡನ ಹೊದಿಕೆಯನ್ನು ಎಳೆದು ಮೈತುಂಬ ಮುಚ್ಚಿದಳು. ಅಕ್ಕ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು.

ಮರುದಿನ ಬೆಳಿಗ್ಗೆ ಅವಳು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಮೂಲೆಯಲ್ಲಿ ಚಾಪೆಯ ಮೇಲೆ ಲಿಂಗಪೂಜೆಗೆ ಕೂತಳು. ದಿನಾ ಕೂರುತ್ತಿದ್ದ ಜಾಗ. ಕೊರಳಲ್ಲಿದ್ದ ಲಿಂಗದ ಕರಡಿಗೆ ಬಿಚ್ಚಿದಳು. ಎಡಗೈ ಚಾಚಿದಳು. ಹಾಗೇ ಕೂತಳು. ಬಹಳ ಹೊತ್ತಾದರೂ ಅಂಗೈಯಲ್ಲಿ ಲಿಂಗ ಇಡಲಿಲ್ಲ.

“ಯಾಕಕ್ಕ?”

“ಈ ಕೈಯಾಗ ಲಿಂಗಪ್ಪನ್ನ ಇಟಗೊಂಡೀನಿ, ಲೀಲಾ. ಹುಟ್ಟಿದಾಗಿಂದ. ಇದ ಕೈಯಾಗ ಅದನ್ನೂ ಹೊತ್ತು ತಂದು ಅವರ ಕಾಲಿಗೆ ಹಚ್ಚೀನಿ ಏನು?”

ನನಗೆ ಮೈಯೆಲ್ಲ ಉರಿದುಹೋಯಿತು. “ಹುಚ್ಚಿ ಏನು ನೀ? ಆ ಗಾಡಿ ದಿನಾ ಎಲ್ಲಾರ ಮಂಚಕ್ಕ ಬರತೈತಿ, ಅದು ಕಾಣಲಿಲ್ಲೇನು? ನಳಕ್ಕ ನೀರಿಲ್ಲ, ಅದು ನಿನ್ನ ತಪ್ಪೇನು? ನಡಿ, ಆ ಡಾಕ್ಟರ ಬಾಯಿಂದಾನ ಹೇಳಸ್ತೀನಿ” ಎಂದು ಚಿಕ್ಕ ಡಾಕ್ಟರನ್ನು ಹುಡುಕಿ ಕರೆತಂದೆ. ಪಾಪದ ಹುಡುಗ. ಅಕ್ಕನನ್ನು ನೋಡಿ ಅವನ ಮುಖ ಸಣ್ಣದಾಯಿತು. ತಾನು ಏನು ಮಾಡಿದೆ ಅಂತ ಅವನಿಗೆ ಆಗ ಹೊಳೆಯಿತು.

“ನಿಮ್ಮ ಕೈಯಿಂದಲೇ ಬಂತು ಅಂತ ನಾನು ಹೇಳಲಿಲ್ಲ ಅಮ್ಮ. ನಮ್ಮ ಕೈಯಿಂದಲೂ ಬಂದಿರಬಹುದು. ಸಾಮಾನಿನಿಂದಲೂ ಬಂದಿರಬಹುದು.”

“ನನ್ನ ಕೈಯಿಂದ ಬಂದಿಲ್ಲ ಅಂತೀರೇನ್ರಿ, ಸರ?”

ಅವನು ಸುಳ್ಳು ಹೇಳಬೇಕಿತ್ತು. ಸುಳ್ಳು ಹೇಳಲು ಅವನು ಕಲಿತಿರಲಿಲ್ಲ.

“ಅದು ಹೇಗಮ್ಮ ಹೇಳೋದು? ಯಾರ ಕೈ ಅಂತ ಯಾರಿಗೂ ಗೊತ್ತಾಗಲ್ಲ,” ಅಂದ.

ಅಕ್ಕನಿಗೆ ಅಷ್ಟು ಸಾಕಾಯಿತು. ಅವತ್ತಿನಿಂದ ಅವಳು ಮಾವನನ್ನು ಮುಟ್ಟಲಿಲ್ಲ.

ಹಳೆಯ ಔಷಧ ಶುರುವಾಯಿತು. ಗದ್ದೆಯಲ್ಲಿ ನೆಲ್ಲು ಹೊಡೆ ಬಿಚ್ಚಿ ತೆನೆ ತೋರುವ ಕಾಲ. ರಾಡ್ ತೆಗೆದರು. ಅದು ಸಾಲದೆ ಕಾಲನ್ನೇ ತೆಗೆದರು, ಮೊಣಕಾಲ ಮೇಲೆ. ತೆಗೆಯುವ ಮೊದಲು ಮಾವನಿಗೆ ಹೇಳಿದ್ದು ನಾನು, ಅಕ್ಕನಿಂದ ಆಗಲಿಲ್ಲ. ಅವನು ಹೊದಿಕೆ ಸರಿಸಿ ಕಾಲನ್ನೊಮ್ಮೆ ನೋಡಿದ.

“ಹೋಗ್ಲಿ ಬಿಡು. ಬ್ರೇಕ್ ನಾ ಒತ್ತತೀನಿ, ಕ್ಲಚ್ ಒತ್ತಾಕ ನೀ ಬಾಜೂಕ ಕುಂದ್ರು,” ಅಂದ. ನಾನು ನಕ್ಕೆ. ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ.

ಆಮೇಲೆ ಅವನನ್ನು ವಾರ್ಡಿನಿಂದ ತೆಗೆದು ಮೊಗಸಾಲೆಯ ಕೊನೆಯ ಕೋಣೆಯಲ್ಲಿ ಹಾಕಿದರು. ಸಲೈನ್ ಡಬ್ಬಿಗಳನ್ನು ಒಟ್ಟುತ್ತಿದ್ದ ಕೋಣೆ. ಒಳಗೆ ಹೋಗುವಾಗ ಮೇಲಂಗಿ, ಬರುವಾಗ ಕೈ ತೊಳೆಯುವುದು. ಈಗ ನಳಕ್ಕೆ ನೀರು ಬಂತು, ಸಾಬೂನು ಬಂತು. ಊರವರಿಗೆ ಬರಬೇಡಿ ಅಂದರು. ಬಂದವರು ಕಿಟಕಿಯಿಂದ ನೋಡಿ, ಯಾಕೋ ಸರಿ ಕಾಣುವುದಿಲ್ಲವೆಂದು ತಮ್ಮಲ್ಲೇ ಮಾತಾಡಿಕೊಂಡು ಹೋದರು. ಕಾಲು ಹೋದ ಮೇಲೂ ವಾಸನೆ ಹೋಗಲಿಲ್ಲ. ಉಳಿದ ತೊಡೆಯ ಹೊಲಿಗೆಯಿಂದ ಮತ್ತೆ ಅದೇ ದ್ರಾಕ್ಷಿ.

ಉಣಿಸುವುದು, ಒರೆಸುವುದು, ಮಗ್ಗುಲಾಗಿಸುವುದು ಎಲ್ಲ ನನ್ನ ಪಾಲಿಗೆ ಬಂತು. ಅಕ್ಕ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ಕೈಗಳು ಸೆರಗಿನೊಳಗೆ. ಕೈ ತೊಳೆಯಲು ಬಿಟ್ಟರೆ ದಿನವಿಡೀ ಅಲ್ಲಿಂದ ಏಳುತ್ತಿರಲಿಲ್ಲ, ಒಂದು ಹೆಜ್ಜೆ ಹತ್ತಿರವೂ ಬರುತ್ತಿರಲಿಲ್ಲ. ನಾನು ಬೈದೆ, ಬೇಡಿಕೊಂಡೆ. “ತೊಳಕೊಂಡು ಮುಟ್ಟಬೇ, ನಾ ಮುಟ್ಟಾಕತ್ತಿಲ್ಲೇನು?” ಅಂದರೆ, “ನಿನ್ನ ಕೈ ಬ್ಯಾರೆ” ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಕೈ ತೊಳೆಯಲು ಹೊರಗೆ ಹೋದಾಗ ಮಾವ ನನ್ನನ್ನು ಹತ್ತಿರ ಕರೆದ. ಮುಖ ಊದಿಕೊಂಡಿತ್ತು. ಮೂತ್ರ ಕಡಿಮೆಯಾಗಿತ್ತು. ಔಷಧ ಹುಳವನ್ನು ಬಿಟ್ಟು ಅವನ ಕಿಡ್ನಿಯನ್ನು ಹಿಡಿದಿತ್ತು.

“ಲೀಲಾ, ಖರೇ ಹೇಳು. ನಿಮ್ಮಕ್ಕಗ ನನ್ನ ವಾಸನಿ ತಡಕೊಳ್ಳಾಕ ಆಗವಲ್ದೇನು?”

“ಹಂಗೇನಿಲ್ಲ ಮಾವ. ಆಕಿಗೆ ಅಂಜಿಕಿ, ತನ್ನ ಕೈಲಿಂದ ನಿಮಗಿದು ಬಂತು ಅಂತ.”

ಅವನು ಕಣ್ಣು ಮುಚ್ಚಿದ. ನನ್ನ ಮಾತನ್ನು ಪೂರ್ತಿ ನಂಬಲಿಲ್ಲವೆಂದು ಕಂಡಿತು. “ಹುಚ್ಚಿ. ಆಕಿ ಮುಟ್ಟದ ಸಾಯೋದಕ್ಕಿಂತ ಆಕಿ ಮುಟ್ಟಿ ಸಾಯೋದು ಚಲೋ ಅಲ್ಲೇನು? ಹೇಳು ಆಕಿಗೆ,” ಅಂದ.

ಹೇಳಿದೆ. ಅಕ್ಕ ಕುಸಿದು ಕೂತು ಅತ್ತಳು. ಆ ಮಳೆಗಾಲದಲ್ಲಿ ಅವಳು ದನಿ ತೆಗೆದು ಅತ್ತದ್ದು ಅದೊಂದೇ ಸಲ. ರೇಣುಕಾ ಬಂದು ವಿಷಯ ಕೇಳಿ, ಡಬ್ಬಿಯಿಂದ ಹೊಸ ಕೈಗವಸು ತಂದು ಕೊಟ್ಟಳು. “ಇವನ್ನ ಹಾಕ್ಕೋರಿ ಗೌರಮ್ಮಾರ. ಇದರಾಗಿಂದ ಏನೂ ದಾಟಂಗಿಲ್ಲ. ನನ್ನ ಮಾತು ಕೇಳ್ರಿ.”

ಅಕ್ಕ ಕೈ ತೊಳೆದಳು, ಒರೆಸಿದಳು, ಮತ್ತೆ ತೊಳೆದಳು. ಗವಸು ಹಾಕಿಕೊಂಡಳು. ಬಳೆ ಅಡ್ಡ ಬಂದವು, ಮೇಲಕ್ಕೆ ಸರಿಸಿಕೊಂಡಳು. ಹೊರಗೆ ಅಕಾಲದ ಮಳೆ ಜೋರಾಗಿ ಬರುತ್ತಿತ್ತು. ಮಂಚದ ಹತ್ತಿರ ಹೋಗಿ ಮಾವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಅವನಿಗೆ ಜ್ವರದ ಮಂಪರು. ಕಣ್ಣು ತೆರೆಯಲಿಲ್ಲ. ಬೆರಳಿನಿಂದ ಆ ರಬ್ಬರನ್ನು ಸವರಿ ನೋಡಿದ.

“ಯಾರ ಕೈ ಇದು?” ಅಂದ.

“ನಂದಾ ರೀ,” ಅಂದಳು ಅಕ್ಕ.

“ಸಿಸ್ಟರ, ಬಿಡ್ರಿ. ಗೌರಿ ಬಂದಿಲ್ಲೇನು?”

“ನಾ ರೀ, ನಾ ಗೌರಿ. ಇಲ್ಲೇ ಅದೀನಿ.”

ಅವನು ಕೈ ಬಿಡಿಸಿಕೊಂಡು ಎದೆಯ ಮೇಲೆ ಇಟ್ಟುಕೊಂಡ. ಅಕ್ಕ ಗವಸು ಕಿತ್ತೆಸೆಯುತ್ತಾಳೆ ಎಂದುಕೊಂಡೆ. ಅವಳ ಬೆರಳುಗಳು ಮುಂಗೈಯವರೆಗೆ ಹೋದವು, ಅಲ್ಲೇ ನಿಂತವು. ಆಮೇಲೆ ಅವನಿಗೆ ನೆಟ್ಟಗೆ ಎಚ್ಚರ ಬರಲಿಲ್ಲ. ಎರಡು ದಿನದ ಮೇಲೆ ತೀರಿಕೊಂಡ.

ಊರಿಗೆ ತಂದಾಗ ಜವಳಗೇರಾದಲ್ಲಿ ಕೊಯ್ಲು ಶುರುವಾಗಿತ್ತು. ಅವನ ಗದ್ದೆಯ ಬದುವಿನಲ್ಲೇ, ಬಾಗಿದ ನೆಲ್ಲಿನ ನಡುವೆ, ಸಮಾಧಿ ತೋಡಿದರು. ಕೂರಿಸಿ, ಎಡ ಅಂಗೈಯಲ್ಲಿ ಅವನ ಲಿಂಗ ಇಟ್ಟರು. ಸ್ವಾಮಿಗಳು ಅಕ್ಕನ ಕೈಗೆ ಬಿಲ್ವಪತ್ರಿ ಕೊಟ್ಟು, ಹಾಕಬೇ ತಾಯಿ ಅಂದರು. ಅಕ್ಕ ಅದನ್ನು ನಾಗವೇಣಿಯ ಕೈಗೆ ದಾಟಿಸಿದಳು. ದುಃಖದಲ್ಲಿ ಏನೋ ಮಾಡಿದಳು ಎಂದುಕೊಂಡರು ಜನ. ಅವಳಿಗೆ ಪೂರ್ತಿ ಎಚ್ಚರವಿತ್ತು. ಅದು ನನಗೆ ಗೊತ್ತಿತ್ತು.

ಬಸ್ಸು ಸಿಂಧನೂರಿಗೆ ಬಂದು ನಿಂತಿತು. ದ್ರಾಕ್ಷಿಯ ಹೆಂಗಸು ಇಳಿದಳು. ನಾನು ಜವಳಗೇರಾದ ಬಸ್ಸು ಹಿಡಿದೆ. ಆ ದವಾಖಾನೆಗೆ ಈಗ ಹೊಸ ಬಣ್ಣ, ಮೇಲೊಂದು ಅಂತಸ್ತು. ಬಾಗಿಲಲ್ಲಿ ಎಂದಿನಂತೆ ಜನ ರೊಟ್ಟಿ ಗಂಟು ಹಿಡಿದು ನಿಂತಿದ್ದರು. ಆ ಹುಳ ಒಳಗೆ ಈಗ ಏನೇನು ಕಲಿತಿದೆಯೋ ಯಾರು ಬಲ್ಲರು.

ಅಕ್ಕನ ಮನೆ ಹೆಂಗಸರಿಂದ ತುಂಬಿತ್ತು. ತೊಟ್ಟಿಲು ಕಟ್ಟಿ ಸೀರೆ ಹಾಸಿದ್ದರು. ನಮ್ಮಲ್ಲಿ ಹೆಸರಿಡುವ ಮುನ್ನ ಇಬ್ಬರು ಹೆಂಗಸರು ತೊಟ್ಟಿಲ ಆಚೆ ಈಚೆ ನಿಂತು, ಕೂಸನ್ನು ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ ಕೈಗೆ ಕೈ ದಾಟಿಸುತ್ತಾರೆ. ಒಂದು ಕಡೆ ನಾಗವೇಣಿಯ ಅತ್ತೆ ನಿಂತಿದ್ದರು. ಇನ್ನೊಂದು ಕಡೆಗೆ ನಾಗವೇಣಿ ಯಾರನ್ನೂ ನಿಲ್ಲಗೊಟ್ಟಿರಲಿಲ್ಲ.

“ಈ ಕಡಿಗೆ ನಮ್ಮವ್ವಾನ ಹಿಡೀಬೇಕು. ಗಂಡ ಇಲ್ಲದಾಕಿ ಅಂತ ಯಾರರ ತುಟಿ ಬಿಚ್ಚಿದ್ರ, ನಾ ತೊಟ್ಟಲಾನ ಎತ್ತಿಡತೀನಿ,” ಎಂದು ಮೊದಲೇ ಹೇಳಿಬಿಟ್ಟಿದ್ದಳು. ಯಾರೂ ತುಟಿ ಬಿಚ್ಚಲಿಲ್ಲ. ಎಲ್ಲರೂ ಅಕ್ಕನಿಗಾಗಿ ಕಾಯುತ್ತಿದ್ದರು.

ಅಕ್ಕ ಹಿತ್ತಲ ನಳದ ಹತ್ತಿರ ಇದ್ದಳು. ನಾನು ಟವೆಲ್ಲು ಹಿಡಿದು ಹೋದೆ.

“ಕೂಸು ಬಂದು ಇಷ್ಟು ದಿನ ಆತು. ಒಮ್ಮ್ಯರ ಎತ್ತಿಗೊಂಡಿಯಿಲ್ಲೋ?” ಕೇಳಿದೆ.

ಅಕ್ಕ ನಾನು ಚಾಚಿದ ಟವೆಲ್ಲನ್ನು ಆಚೆ ಸರಿಸಿದಳು. ಒಳಗಿನಿಂದ ನಾಗವೇಣಿ ಕೂಗಿದಳು, “ಅವ್ವಾ, ಬಾ ಬೇ. ಹೊತ್ತಾತು.”

“ಬಂದೆ, ತಡಿಯವ್ವ. ಕೈ ಹಸಿ ಅದಾವ,” ಅಂದಳು ಅಕ್ಕ.

ನಾನು ಅವಳ ಕೈ ಹಿಡಿದು ನೋಡಿದೆ. ಎಂದೋ ಒಣಗಿದ್ದವು. ತೊಳೆದು ತೊಳೆದು ಬೆರಳ ಸಂದಿಯಲ್ಲೆಲ್ಲ ಬಿರುಕು ಬಿಟ್ಟಿತ್ತು. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು, “ನೀ ಹೋಗಿ ನಿಂದ್ರು, ಲೀಲಾ. ನಿನ್ನ ಕೈ ಬ್ಯಾರೆ,” ಅಂದಳು.

ಒಳಗೆ ಕೂಸು ಅಳತೊಡಗಿತ್ತು. ನಾನೇ ಹೋಗಿ ತೊಟ್ಟಿಲ ಈಚೆ ನಿಂತೆ. ಬೀಗತಿ ಕೆಳಗಿಂದ ದಾಟಿಸಿದ ಕೂಸನ್ನು ನಾನು ಹಿಡಿಯುವಾಗ, ಹಿತ್ತಲಲ್ಲಿ ನಳ ಬಿಟ್ಟ ಸದ್ದು ಮತ್ತೆ ಕೇಳಿಸಿತು.